ಮಲ್ಲಿಗಮ್ಮನ ಪ್ರಬಂಧ ತಿದ್ದಿದ್ದು

೧೯೫೮ರಲ್ಲಿ ಹಾಸನದ ತರಬೇತಿ ಶಾಲೆಗೆ ಟೀಚರಾಗಲು ಬಂದಿದ್ದ ಹುಡುಗಿಯರಲ್ಲಿ ಅನಸೂಯಳ ಬರವಣಿಗೆಗೆ ಸಾಟಿಯಿರಲಿಲ್ಲ. ಕಟ್ಟಾಯದ ಜಮೀನ್ದಾರರ ಮಗಳಾದರೂ ಚಿಕ್ಕಂದಿನಿಂದ ಚನ್ನರಾಯಪಟ್ಟಣದ ಅಜ್ಜಿ ಮನೆಯಲ್ಲೇ ಓದಿದವಳು. ಬರೆಯಲು ಒದ್ದಾಡುತ್ತಿದ್ದ ಮಲ್ಲಿಗಮ್ಮನನ್ನು ಕನ್ನಡದ ಪಂಚಾಕ್ಷರಯ್ಯ ಮೇಷ್ಟ್ರು ಅವಳ ಪಕ್ಕ ಕೂರಿಸಿದರು. ಪ್ರಬಂಧದ ವಿಷಯ, ‘ನಾನು ಅಕ್ಷರ ಕಲಿತದ್ದು’.

ಅನಸೂಯ ಮಲ್ಲಿಗಮ್ಮ ಬರೆದದ್ದನ್ನು ತಿದ್ದಿ ತಿದ್ದಿ, ಕೊನೆಗೆ ಪೂರ್ತಿ ತಾನೇ ಬರೆದುಕೊಟ್ಟಳು. ಮೇಷ್ಟ್ರು ಓದಿ ಹಾಳೆಯನ್ನು ಅವಳಿಗೇ ಹಿಂದಿರುಗಿಸಿದರು.

“ಸೊಗಸಾಗಿದೆ. ಆದರೆ ಇದರಲ್ಲಿ ಮಲ್ಲಿಗಮ್ಮ ಎಲ್ಲಿದಾಳೆ? ನೀನು ಬರೀಬೇಡ, ಕೇಳು. ಬರೆಯೋದು ಅವಳ ಕೆಲಸ.”

ಅನಸೂಯಳಿಗೆ ಅವಮಾನವಾಯಿತು. ಆದರೂ ಮಧ್ಯಾಹ್ನ ಹೊಂಗೆ ನೆರಳಲ್ಲಿ ಕೂತು ಕೇಳಿದಳು.

“ಮೊದಲ ದಿನ ಸ್ಕೂಲಿಗೆ ಯಾರು ಕರ್ಕೊಂಡು ಹೋದ್ರು?”

“ನಮ್ಮಪ್ಪ, ಗುಂಡಯ್ಯ ಅಂತ. ಎಗಲ ಮೇಲೆ ಒತ್ಕೊಂಡೋಗಿದ್ದ.”

“ಆಮೇಲೆ?”

“ನಮ್ಮ ಕೇರಿಯೋರು ಅತ್ತಂಗಿಲ್ದ ಜಗಲಿ ಮೇಲೆ ಕೂತ್ಕಂಡೆ. ಗೌಡ್ರು ಬಂದು ಸಲೇಟು ಕಿತ್ತು ಬಿಸಾಕುದ್ರು. ಅಪ್ಪುನ್ನ ಎಲ್ರ ಮುಂದ್ಲೂ ಬಾರುಕೋಲಲ್ಲಿ ಒಡುದ್ರು. ಆವತ್ತೇ ನನ್ನ ಅರಕಲಗೂಡಿನ ಅತ್ತೆ ಮನೆಗೆ ಕಳ್ಸುದ್ರು.”

“ಬರೀ ಗೌಡ್ರು ಅಂದ್ರೆ ಆಗಲ್ಲ. ಯಾವ ಊರು, ಯಾವ ಗೌಡ್ರು?”

ಮಲ್ಲಿಗಮ್ಮ ಹಾಳೆ ಮಡಿಚಿದಳು.

“ಬ್ಯಾಡ ಬುಡಿ, ಅದ ತೆಗೆದಾಕ್ತೀನಿ.”

“ಹೇಳು.”

“ಕಟ್ಟಾಯ. ನಿಮ್ಮಪ್ಪಾರು, ರಾಮಣ್ಣೋರು. ಓದ್ ಭಾನುವಾರ ನಿಮ್ಮನ್ನ ನೋಡಕ್ಕೆ ಬಂದಾಗ್ಲೇ ಗುರ್ತು ಸಿಕ್ತು.”

ಮಗಳನ್ನು ಟೀಚರ್ ಮಾಡಬೇಕೆಂದು ನೆಂಟರ ವಿರೋಧ ಕಟ್ಟಿಕೊಂಡ ಅಪ್ಪ; ಒಮ್ಮೆಯೂ ಅವಳ ಮೇಲೆ ಕೈಯೆತ್ತದ ಅಪ್ಪ. ಅನಸೂಯ ‘ಅವರು ಅಂಥೋರಲ್ಲ’ ಎನ್ನಲು ಹೋಗಿ ತಡೆದಳು. ಹಾಗೆಂದುಬಿಟ್ಟರೆ ಮಲ್ಲಿಗಮ್ಮ ಇನ್ನೊಂದು ಸಾಲೂ ಬರೆಯಳು ಎಂಬುದು ಮಾತ್ರ ಆ ತಬ್ಬಿಬ್ಬಿನಲ್ಲೂ ಹೊಳೆಯಿತು.

“ಬರಿ,” ಎಂದಳು. “ಹೇಳಿದ ಹಾಗೇ ಬರಿ.”

ಮಲ್ಲಿಗಮ್ಮ ಸಂಜೆಯವರೆಗೂ ಬರೆದಳು. ಅನಸೂಯ ಅದರಲ್ಲಿ ತಿದ್ದಿದ್ದು ಒಂದೇ: ‘ರಾಮಣ’ ಎಂದಿದ್ದ ಕಡೆ ಬಿಟ್ಟುಹೋಗಿದ್ದ ಒತ್ತು ಕೊಟ್ಟಳು. ಅದು ಸೊಟ್ಟಗಾಯಿತು.

ಭಾನುವಾರ ಅಪ್ಪ ಕೋಡುಬಳೆ ಡಬ್ಬ ಹಿಡಿದು ಬಂದರು. ಅನಸೂಯ ಅದಕ್ಕೆ ಕೈಯೊಡ್ಡಲಿಲ್ಲ.

“ಅಪ್ಪ, ಸ್ಕೂಲ್ ಜಗಲಿ ಹತ್ರ ಗುಂಡಯ್ಯಂಗೆ ಹೊಡೆದಿದ್ರಾ?”

ಇಲ್ಲವೆನ್ನಲಿ ಎಂದು ಅವಳ ಜೀವ ಹಾರೈಸುತ್ತಿತ್ತು. ಕೋಪಿಸಿಕೊಂಡರೂ ಸರಿಯೇ ಎಂದುಕೊಂಡಿದ್ದಳು. ರಾಮಣ್ಣ ಹಣೆ ಗಂಟಿಕ್ಕಿ, ನಿಜವಾಗಿಯೇ ನೆನಪು ಮಾಡಿಕೊಳ್ಳಲು ನೋಡಿದರು.

“ಯಾವ ಗುಂಡಯ್ಯನವ್ವ?”