ಕೊಳೆ ಕೇಳಲು ಹೋದ ಅತ್ತೆ

ಮಗಳು ತರಬೇತಿಗೆಂದು ಬೇರೆ ಊರಿಗೆ ಹೋಗಬೇಕಾಗಿ ಬಂದಾಗ ಮಗಳು-ಅಳಿಯನ ಮನೆ ನೋಡಿಕೊಳ್ಳಲು ಅತ್ತೆ ಬಂದಳು. ಆಯುಸ್ಸೆಲ್ಲ ಎಮ್ಮೆ ಸಾಕಿ ಹಾಲು ಮಾರಿದವಳು. ಖಾಲಿಯಾದ ಹಾಲಿನ ಕ್ಯಾನಿಗೆ ಕುದಿನೀರು ಸುರಿದು, ಉಜ್ಜಿ, ಬಿಸಿಲಿಗೆ ಬೋರಲು ಹಾಕಿ, ಆಮೇಲೆ ಮೂಗಿಟ್ಟು ನೋಡುವವಳು. ತುಸು ಜಿಡ್ಡು ಉಳಿದರೂ ಮರುದಿನದ ಹಾಲು ಕೆಟ್ಟಿತೆಂದೇ ಲೆಕ್ಕ.

ಅಳಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನೂ ಉಜ್ಜುವ ಜಾತಿಯವನೇ. ಎಂಜಿನ್ನಿನ ಫಿಲ್ಟರಿನಲ್ಲಿ ಧೂಳು ಕಂಡರೆ ಊಟ ಸೇರದು.

ನಡುಮನೆಯ ಗಾಜಿನ ತೊಟ್ಟಿಯಲ್ಲಿ ಅಂಗೈಯಗಲದ ಒಂದು ಕಿತ್ತಳೆ ಬಣ್ಣದ ಮೀನಿತ್ತು. ಮದುವೆಗೆ ಮುಂಚೆ ಮಗಳು ತನ್ನ ಮೊದಲ ಸಂಬಳದಲ್ಲಿ ತಂದದ್ದು. ತನಗಿಂತ ಮೊದಲೇ ಮನೆ ಸೇರಿದ್ದೆಂದು ಅಳಿಯ ಅದನ್ನು 'ಭಾವ' ಎನ್ನುತ್ತಿದ್ದ. ಹೊರಡುವಾಗ ಮಗಳು ಇಬ್ಬರಿಗೂ ಹೇಳಿದ್ದು ಒಂದೇ ಮಾತು: "ನಾನು ಬರೋವರೆಗೆ ಇದನ್ನ ಉಳಿಸಿಕೊಡಿ, ಸಾಕು."

ಮೊದಲ ಬೆಳಗ್ಗೆಯೇ ಅತ್ತೆ ತೊಟ್ಟಿಯ ಮೂಲೆಯ ಫಿಲ್ಟರ್ ಬಿಚ್ಚಿದಳು. ಒಳಗಿನ ಸ್ಪಂಜಿಗೆ ಕಂದು ಲೋಳೆ ಹತ್ತಿತ್ತು. "ಅಯ್ಯೋ ಶಿವನೇ, ಇದನ್ನ ಕುಡ್ಕೊಂಡು ಬದುಕಿದೀಯಾ ಮಗನೇ?" ಎಂದು ಮೀನಿಗೆ ಹೇಳಿ, ಕುದಿನೀರು ಹಾಕಿ ಹಿಂಡಿ, ಕಿಟಕಿಯ ಬಿಸಿಲಿಗಿಟ್ಟು, ಗರಿಗರಿಯಾದ ಮೇಲೆ ಸೇರಿಸಿದಳು. ಸಂಜೆ ಅವಳು ತಾರಸಿಯಿಂದ ಬಟ್ಟೆ ತರಲು ಹೋದಾಗ ಅಳಿಯ ಅದೇ ಸ್ಪಂಜನ್ನು ತೆಗೆದು ನಲ್ಲಿಯ ಕೆಳಗೆ ಬ್ರಷ್ಷಿನಿಂದ ತಿಕ್ಕಿದ. ವಯಸ್ಸಾದ ಅತ್ತೆಗೆ ಈ ಕೆಲಸ ಬೀಳಬಾರದು ಎಂಬುದು ಅವನ ಎಣಿಕೆ; ದುಡಿದು ಬಂದ ಅಳಿಯನಿಗೆ ಬೀಳಬಾರದು ಎಂಬುದು ಅವಳದು. ಇಬ್ಬರೂ ಬಾಯಿ ಬಿಡಲಿಲ್ಲ. ದಿನವೂ ಹೀಗೇ ನಡೆಯಿತು.

ವಾರ ತುಂಬುವುದರೊಳಗೆ ಭಾವ ಕಾಳು ಮೂಸುವುದನ್ನೇ ಬಿಟ್ಟ. ನೀರಿನ ಮೇಲ್ಮೈಗೆ ಬಾಯಿ ಚಾಚಿ ಲಪಲಪ ಎನ್ನತೊಡಗಿದ.

"ಭಾವನಿಗೆ ಏನೋ ಆಗಿದೆ ಅತ್ತೆ," ಎಂದ ಅಳಿಯ. "ನೀರೂ ಮಬ್ಬಾಗಿದೆ. ಕೊಳೆ ಹೆಚ್ಚಾಯ್ತೋ ಏನೋ."

"ಎಲ್ಲಿಯ ಕೊಳೆ? ದಿನಾ ಕುದಿನೀರಲ್ಲಿ ತೊಳೀತಿದೀನಲ್ಲ!"

"ನೀವು ತೊಳೀತಿದೀರಾ? ನಾನೂ ತಿಕ್ತಿದೀನಿ!"

ಇಬ್ಬರೂ ಮುಖಮುಖ ನೋಡಿಕೊಂಡರು. ಎರಡು ಸಲ ತೊಳೆದದ್ದು ಒಂದು ಸಲ ತೊಳೆದದ್ದಕ್ಕಿಂತ ಕೊಳಕಾಗುವುದೆಂದರೇನು? ಅತ್ತೆ ಸ್ಪಂಜನ್ನು ಮೂಸಿದಳು. ಯಾವ ವಾಸನೆಯೂ ಇಲ್ಲ.

ಮಗಳಿಗೆ ಫೋನು ಹೋಯಿತು. ಅವಳು ಎಲ್ಲವನ್ನೂ ಕೇಳಿ ಹೇಳಿದಳು:

"ಅಮ್ಮಾ, ಆ ಲೋಳೆ ಬೇಕಿತ್ತು. ಕಣ್ಣಿಗೆ ಕಾಣದ ಜೀವಗಳು ಅದರಲ್ಲಿರ್ತವೆ. ಮೀನಿನ ಹೊಲಸು ವಿಷ ಆಗದ ಹಾಗೆ ಅವು ನೋಡ್ಕೋತವೆ. ಫಿಲ್ಟರಿಂದ ನೀರು ಸರಾಗ ಬರದಿದ್ದಾಗ ಸ್ಪಂಜನ್ನ ತೊಟ್ಟಿ ನೀರಲ್ಲೇ ಅದ್ದಿ ಒಂದು ಸಲ ಹಿಂಡಿದರೆ ಮುಗೀತು. ನೀವಿಬ್ಬರೂ ಸೇರಿ ಅವನ್ನ ಬೇಯಿಸಿ ಹಾಕಿದ್ರಿ."

"ಈಗೇನೇ ಮಾಡೋದು?"

"ಕಾಳು ಹಾಕಬೇಡಿ. ಸ್ವಲ್ಪ ಸ್ವಲ್ಪ ನೀರು ಬದಲಾಯಿಸ್ತಾ ಇರಿ. ನಲ್ಲಿ ನೀರನ್ನ ಹಾಗೇ ಹಾಕಬೇಡಿ, ಕಪಾಟಿನಲ್ಲಿರೋ, ಕ್ಲೋರಿನ್ ತೆಗೆಯೋ ಔಷಧಿ ಹನಿ ಬೆರೆಸಿ ಹಾಕಿ. ಆರೋಗ್ಯವಾಗಿರೋ ಮೀನಿನ ತೊಟ್ಟಿ ಇರೋರ ಹತ್ರ ಹಳೇ ಸ್ಪಂಜಿನ ತುಂಡು ಸಿಕ್ಕರೆ ತಂದು ಫಿಲ್ಟರಲ್ಲಿಡಿ. ಒಣಗಬಾರದು."

ಅತ್ತೆಗೆ ತಲೆಬುಡ ತಿಳಿಯಲಿಲ್ಲ. "ಕೊಳೆ ತೆಗೆಯೋಕೆ ಕೊಳೆ ಬೇಕಂತೆ, ಅದನ್ನೂ ನೆರೆಮನೆಯಿಂದ ತರಬೇಕಂತೆ. ಇದೇನು ಮೊಸರಿನ ಹೆಪ್ಪೇ?" ಎಂದವಳು ಅರ್ಧದಲ್ಲೇ ನಿಂತಳು. ಹೆಪ್ಪಿಗೆ ಕುದಿನೀರು ಹಾಕುವ ಹೆಂಗಸು ಭೂಮಿಯ ಮೇಲುಂಟೇ? ಆದರೆ ಹೆಪ್ಪು ಬೆಳ್ಳಗಿರುತ್ತದೆ, ತಿನ್ನಬಹುದು. ಇದು ಚರಂಡಿಯ ಬಣ್ಣ. ಮನಸ್ಸು ಆ ಕಡೆಗೂ ಹೋಗಲಿಲ್ಲ, ಈ ಕಡೆಗೂ ಬರಲಿಲ್ಲ.

ಆದರೂ ಸ್ಟೀಲ್ ಡಬ್ಬಿ ಹಿಡಿದು ಕೆಳಗಿನ ಕ್ಷೌರದಂಗಡಿಗೆ ಹೋದಳು. ಅಲ್ಲಿ ಕನ್ನಡಿಯ ಪಕ್ಕ ಮೀನಿನ ತೊಟ್ಟಿಯಿತ್ತು.

"ಏನಪ್ಪಾ, ನಿನ್ನ ಫಿಲ್ಟರಲ್ಲಿ ಕೊಳೆ ಇದೆಯಾ?"

ಕ್ಷೌರಿಕನ ಕತ್ತರಿ ನಿಂತಿತು. "ಬೆಳಗ್ಗೆ ಬೆಳಗ್ಗೆ ಜಗಳಕ್ಕೆ ಬಂದ್ರಾ ಅಮ್ಮಾ? ನಾಳೆ ತೊಳೀತೀನಿ ಬಿಡಿ."

"ತೊಳೀಬೇಡ! ನಂಗೆ ಸ್ವಲ್ಪ ಕೊಡು."

ಪಕ್ಕದ ಕುರ್ಚಿಯಲ್ಲಿ ಮುಖಕ್ಕೆಲ್ಲ ನೊರೆ ಹಚ್ಚಿಸಿಕೊಂಡು ಕೂತಿದ್ದ ಇನ್ನೊಬ್ಬ ಗಿರಾಕಿ ಕಿಸಕ್ಕನೆ ನಕ್ಕ. "ಕೊಡಪ್ಪಾ, ನಿನ್ನ ಅಂಗಡೀಲಿ ಅದಕ್ಕೇನು ಬರ!"

ಕ್ಷೌರಿಕ ಏನೂ ಅರ್ಥವಾಗದೆ ಕತ್ತರಿಯಿಂದಲೇ ಸ್ಪಂಜಿನ ಒಂದು ತುಂಡು ಕತ್ತರಿಸಿ, ತೊಟ್ಟಿ ನೀರಿನ ಸಮೇತ ಡಬ್ಬಿಗೆ ಹಾಕಿದ. ಅತ್ತೆ ಮೆಟ್ಟಿಲು ಹತ್ತುವಾಗ ಅದು ತುಳುಕದಂತೆ ಎರಡೂ ಕೈಯಲ್ಲಿ ಹಿಡಿದಿದ್ದಳು.

ತುಂಡನ್ನು ಒಳಗಿಟ್ಟ ಕೂಡಲೇ ತೊಟ್ಟಿಯ ನೀರು ಇನ್ನಷ್ಟು ರಾಡಿಯಾಯಿತು. ಅಳಿಯ ತಲೆ ಕೆರೆದುಕೊಂಡ. "ಗೊತ್ತಿದ್ದೂ ಗೊತ್ತಿದ್ದೂ ಹೊಲಸು ಹಾಕ್ತಿದೀವಿ, ಅತ್ತೆ."

"ಹಾಕಿ ಆಯ್ತಲ್ಲ, ಸುಮ್ಮನಿರಿ."

ಅವನು ಬಕೆಟ್ಟಿನಲ್ಲಿ ನೀರು ಬದಲಾಯಿಸಿದ. ಅವಳು ಕಾಳಿನ ಡಬ್ಬಿಯನ್ನು ಅಟ್ಟದ ಮೇಲಿಟ್ಟಳು. ಭಾವ ಇನ್ನೂ ಮೇಲೇ ತೇಲುತ್ತಿದ್ದ. ದಿನಗಳು ಎಳೆದ ಹಾಗೆ ಸಾಗಿದವು. ಒಂದು ಬೆಳಗ್ಗೆ ನೋಡಿದರೆ ಅವನು ತಳಕ್ಕಿಳಿದು ಕಲ್ಲುಗಳ ನಡುವೆ ಮೂತಿ ತೂರಿಸಿ ಏನೋ ಹುಡುಕುತ್ತಿದ್ದ. ಅತ್ತೆ ಅಳಿಯನನ್ನು ಕೂಗಿದಳು. ಇಬ್ಬರೂ ಮೊಣಕಾಲೂರಿ ಉಸಿರು ಬಿಗಿಹಿಡಿದು ನೋಡಿದರು.

ಮಗಳು ಬಂದವಳು ಚೀಲ ಕೆಳಗಿಡದೆ ತೊಟ್ಟಿಯ ಬಳಿಗೇ ನಡೆದಳು. ಭಾವ ಗಾಜಿಗೆ ಮೂತಿ ಒತ್ತಿದ. ಅವಳ ಕಣ್ಣು ತುಂಬಿತು. ಆಮೇಲೆ ಗಾಜಿನ ಮೇಲೆ ಬೆರಳಾಡಿಸಿ, "ಅಮ್ಮಾ, ಗಾಜಿನ ಹೊರಗೆಲ್ಲ ಇಷ್ಟೊಂದು ಧೂಳು, ಇದನ್ನಾದರೂ ಒರೆಸಬಾರದಿತ್ತಾ?" ಎಂದಳು.

ಅತ್ತೆ ಅಳಿಯನನ್ನು ನೋಡಿದಳು. ಅಳಿಯ ಅತ್ತೆಯನ್ನು ನೋಡಿದ.

"ಒರೆಸಬಹುದಾ?" ಎಂದಳು ಅತ್ತೆ.