ಹದಿನೇಳನೇ ನಂಬರಿನ ಹುಡುಗ

"ಮಿಸ್, ಇವತ್ತು ಹದಿನೇಳು! ಕಾಯೆತಾನ್‌ನ ಕೇಳೋ ಹಾಗಿಲ್ಲ!"

ಹಾಜರಿಯಲ್ಲಿ ಹದಿನೇಳನೆಯವನಾದ ಕಾಯೆತಾನ್‌ನನ್ನು ಆಗಷ್ಟೇ ಬೋರ್ಡಿಗೆ ಕರೆದಿದ್ದೆ. ಇಡೀ ಆರನೇ ತರಗತಿ ಒಟ್ಟಿಗೆ ಗದ್ದಲ ಎಬ್ಬಿಸಿತು. ನಮ್ಮ ಕಡೆಯ ಶಾಲೆಗಳಲ್ಲಿ ದಿನಾ ಬೆಳಿಗ್ಗೆ ಮಕ್ಕಳೇ ಚೀಟಿ ಎತ್ತಿ, ಮುಂಬಾಗಿಲ ಬಳಿಯ ಬೋರ್ಡಿನಲ್ಲಿ ಅಂದಿನ ಅದೃಷ್ಟದ ನಂಬರು ಬರೆದು ಹಾಕುತ್ತಾರೆ. ಆ ನಂಬರಿನವರಿಗೆ ಅಂದು ಯಾವ ಮೇಷ್ಟರೂ ಪ್ರಶ್ನೆ ಕೇಳುವುದಿಲ್ಲ. ಕಾನೂನೇನಲ್ಲ, ಆದರೆ ಎಂಥ ಸಿಡುಕರೂ ಮೀರುವುದಿಲ್ಲ.

ನಾನು ಅಂದಿನ ನಂಬರು ನೋಡಿರಲಿಲ್ಲ. ಬಸ್ಸು ತಡವಾಗಿ ಹಿಂಬಾಗಿಲಿನಿಂದ ಓಡಿ ಬಂದಿದ್ದೆ. ಮೇಲಾಗಿ ಈ ಮಕ್ಕಳ ಮಾತು ನಂಬುವುದು ಹೇಗೆ? ಹಿಂದಿನ ಶುಕ್ರವಾರ, "ನಮ್ಮ ಗಣಿತದ ಮಿಸ್ಸು ಶುಕ್ರವಾರ ಬೇಗ ಬಿಡ್ತಾರೆ" ಎಂದು ಇವರೇ ಮುಗ್ಧ ಮುಖ ಮಾಡಿ ಹೇಳಿದ್ದರು. ನಾನು ಬಿಟ್ಟೆ. ಮುಖ್ಯೋಪಾಧ್ಯಾಯಿನಿ ರೆಗೀನಾ ಮೇಡಂ ಅವರನ್ನೆಲ್ಲ ಕಾರಿಡಾರಿನಲ್ಲಿ ಹಿಡಿದರು. ಟೀಚರುಗಳ ಕೋಣೆಯಲ್ಲಿ ಅದನ್ನು ಹೇಳಿಕೊಂಡು ನಗದವರಿಲ್ಲ.

ಈಗ ಅದೇ ರೆಗೀನಾ ಮೇಡಂ ಕೊನೆಯ ಬೆಂಚಿನಲ್ಲಿ ಪೆನ್ನು ಹಿಡಿದು ಕೂತಿದ್ದರು. ನನ್ನ ಪಾಠ ನೋಡಲು ಬಂದಿದ್ದರು. ಅವರಿಗೆ ಒಪ್ಪಿಗೆಯಾದರೆ, ಹೊಸ ಶಾಲಾ ವರ್ಷ ಶುರುವಾಗುವ ಸೆಪ್ಟೆಂಬರಿನಿಂದ ಐದನೇ ತರಗತಿ ನನ್ನದು. ನಾನು ಕೆಲಸಕ್ಕಿದ್ದ ಡೈರಿಯ ಪ್ರಯೋಗಾಲಯ ಮುಚ್ಚಿದ ಮೇಲೆ, ನಲವತ್ತರ ಹೊಸ್ತಿಲಲ್ಲಿ, ಶನಿವಾರ ಭಾನುವಾರ ಲೂಬ್ಲಿನ್ ನಗರಕ್ಕೆ ಹೋಗಿ ಶಿಕ್ಷಕ ತರಬೇತಿ ಓದುತ್ತಿದ್ದೇನೆ. ಉಳಿದ ದಿನ ರಜೆ ಹಾಕಿದವರ ಜಾಗದಲ್ಲಿ ನಿಲ್ಲುತ್ತೇನೆ. ಗಣಿತದ ಟೀಚರು ಮಂಡಿನೋವಿಗೆ ಆರೋಗ್ಯಧಾಮಕ್ಕೆ ಹೋಗಿದ್ದರಿಂದ ಈ ತಿಂಗಳು ಗಣಿತ. ನನ್ನದೇ ಎನ್ನುವ ಒಂದು ತರಗತಿ ನನಗಿರಲಿಲ್ಲ.

"ಸಾಕು. ಈ ಸಲ ನನ್ನನ್ನ ಏಮಾರಿಸೋಕಾಗಲ್ಲ. ಕಾಯೆತಾನ್, ಬಾ" ಎಂದೆ.

"ದೇವರಾಣೆ ಮಿಸ್! ಹೊರಗೆ ಬೋರ್ಡಲ್ಲಿ ಬರ್ದಿದಾರೆ!" ಎಂದಳು ಮುಂದಿನ ಬೆಂಚಿನ ಒತಿಲಿಯಾ.

"ನೀನು ವಕೀಲೆನಾ? ಕೂತ್ಕೋ."

ಕಾಯೆತಾನ್ ಬಂದ. ಭಿನ್ನರಾಶಿಯ ಲೆಕ್ಕದ ಮುಂದೆ ಸೀಮೆಸುಣ್ಣ ಹಿಡಿದು ನಿಂತೇ ಇದ್ದ. ಒಂದು ಅಕ್ಷರ ಬರೆಯಲಿಲ್ಲ, ವಾದವನ್ನೂ ಮಾಡಲಿಲ್ಲ. ನಾನು 'ಒಂದು' ಕೊಟ್ಟೆ. ನಮ್ಮಲ್ಲಿ ಒಂದು ಎಂದರೆ ಫೇಲು. ಅವನು ಕಿವಿ ಕೆಂಪಗೆ ಮಾಡಿಕೊಂಡು ಹೋಗಿ ಕೂತ. ಆಮೇಲೆ ಇಡೀ ತರಗತಿ ನೋಟ್‌ಬುಕ್ಕಿಗೆ ತಲೆ ಬಗ್ಗಿಸಿತು, ಒಬ್ಬರೂ ನನ್ನತ್ತ ನೋಡಲಿಲ್ಲ. ಅದು ನನಗೆ ಹಿತವಾಗಲಿಲ್ಲ. ರೆಗೀನಾ ಮೇಡಂ ಮಾತ್ರ ತಲೆಯಾಡಿಸಿ ಏನೋ ಬರೆದುಕೊಂಡರು.

ಗಂಟೆ ಹೊಡೆದ ಮೇಲೆ ನನ್ನ ಭುಜ ತಟ್ಟಿದರು. "ಬೊಗುಮಿಲಾ ಅವರೇ, ಪರವಾಗಿಲ್ಲ ಕಣ್ರೀ! ಶುಕ್ರವಾರ ಕುರಿ ಥರ ಇದ್ರಿ, ಇವತ್ತು ಹುಲಿ. ಐದನೇ ಕ್ಲಾಸು ನಿಮಗೇ ಅಂದ್ಕೊಳ್ಳಿ."

ಖುಷಿಯಾಗಬೇಕಿತ್ತು. ಆದರೆ ನನ್ನ ಕಾಲುಗಳು ತಾವಾಗಿಯೇ ಮಕ್ಕಳು ಬೂಟು ಬಿಚ್ಚಿ ಒಳಚಪ್ಪಲಿ ಹಾಕಿಕೊಳ್ಳುವ ಕೋಣೆಯತ್ತ ನಡೆದವು. ಗೋಡೆಯ ಪುಟ್ಟ ಬೋರ್ಡಿನ ಮೇಲೆ, ಹೂವಿನ ಚಿತ್ರದ ನಡುವೆ, ದಪ್ಪಗೆ ಬರೆದಿತ್ತು: ೧೭.

ಸುಮ್ಮನಿದ್ದರೆ ಯಾರೇನು ಮಾಡುತ್ತಾರೆ? ಮಕ್ಕಳು ಎರಡು ದಿನ ಗೊಣಗಿ ಮರೆಯುತ್ತಾರೆ. ಸೆಪ್ಟೆಂಬರಿನಲ್ಲಿ ನನ್ನದೇ ತರಗತಿಯ ಮಕ್ಕಳೊಂದಿಗೆ ನಾನು ಎಷ್ಟು ಬೇಕಾದರೂ ನ್ಯಾಯವಾಗಿರಬಹುದು. ಹೀಗೆ ಲೆಕ್ಕ ಹಾಕುತ್ತ ಮೆಟ್ಟಿಲು ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಎದುರು ಸಿಕ್ಕ ಮಕ್ಕಳು ನಮಸ್ಕಾರ ಹೇಳಿದರೂ ಉತ್ತರಿಸಲು ಮರೆತೆ.

ಊಟದ ಹಾಲಿನಲ್ಲಿ ಆರನೇ ತರಗತಿಯವರು ಬೀಟ್ರೂಟ್ ಸಾರಿಗೆ ಸಾಲು ನಿಂತಿದ್ದರು. ಹೋಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ: "ನಂಬರು ಹದಿನೇಳೇ. ನೀವು ಹೇಳಿದ್ದು ನಿಜ, ನಾನು ನಂಬಲಿಲ್ಲ. ಕಾಯೆತಾನ್, ನಿನ್ನ ಒಂದನ್ನ ತೆಗೀತೀನಿ. ತಪ್ಪಾಯ್ತು."

"ಹಾಗಾದ್ರೆ ಶುಕ್ರವಾರನೂ ನಂಬಿ ಮಿಸ್!" ಯಾರೋ ಕೂಗಿದರು. ಸಾಲೆಲ್ಲ ನಕ್ಕಿತು.

ಕಾಯೆತಾನ್ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಎಲ್ರ ಮುಂದೆ ಮತ್ಯಾಕೆ ಹೇಳಿದ್ರಿ ಮಿಸ್?" ಎಂದು ಮೆಲ್ಲಗೆ ಗೊಣಗಿದ. ತರಬೇತಿಯ ಯಾವ ಪಾಠದಲ್ಲೂ ಅದಕ್ಕೆ ಉತ್ತರ ಹೇಳಿಕೊಟ್ಟಿಲ್ಲ.

ಸುದ್ದಿ ನನಗಿಂತ ಮೊದಲೇ ರೆಗೀನಾ ಮೇಡಂ ಕೋಣೆ ಮುಟ್ಟಿತ್ತು.

"ಅದೊಂದು ಲಾಟರಿ ಕಣ್ರೀ. ಅದಕ್ಕೋಸ್ಕರ ಕೊಟ್ಟ ಅಂಕ ವಾಪಸ್ ತಗೊಂಡ್ರಾ?"

"ಮಾತು ಕೊಟ್ಟಿರೋದು ಶಾಲೆ, ಮೇಡಂ. ಮುರಿದದ್ದು ನಾನು."

"ನಾನು ಯಾವುದನ್ನ ಹೊಗಳಿದ್ನೋ ಅದನ್ನೇ ಅಳಿಸಿ ಬಂದಿದೀರಿ. ನಾಳೆ ಅವು ತಲೆ ಮೇಲೆ ಕೂರ್ತವೆ."

"ಕೂರಬಹುದು" ಎಂದೆ. ಅವರು ಹೇಳುವುದೇ ಸರಿಯೇನೋ ಎಂಬ ಅನುಮಾನ ನನಗೂ ಇತ್ತು, ಈಗಲೂ ಇದೆ.

ಅವರು ಚಹಾದ ಗ್ಲಾಸಿನಲ್ಲಿ ಚಮಚ ತಿರುಗಿಸಿದರು. "ಐದನೇ ಕ್ಲಾಸು ಈ ವರ್ಷ ಬೇಡ. ನೀವಿನ್ನೂ ಗಟ್ಟಿಯಾಗ್ಬೇಕು."

"ಸರಿ, ಮೇಡಂ." ಬಾಗಿಲ ಹಿಡಿಗೆ ಕೈ ಹಾಕಿದೆ.

"ನಿಲ್ರೀ. ಭೂಗೋಳದವರು ಹಿಮದಲ್ಲಿ ಜಾರಿ ಕೈ ಮುರ್ಕೊಂಡಿದಾರೆ. ಸೋಮವಾರದಿಂದ ಅದಕ್ಕೂ ಬರ್ತೀರಾ? ಅದೇ ಆರನೇ ಕ್ಲಾಸು."

ಭೂಗೋಳದಲ್ಲಿ ನನಗೆ ಪೂರ್ವ ಪಶ್ಚಿಮ ಬಿಟ್ಟರೆ ಹೆಚ್ಚೇನೂ ಗೊತ್ತಿಲ್ಲ. ಅದನ್ನು ಹೇಳಬೇಕೆಂದು ಬಾಯಿ ತೆರೆದೆ.

"ಬರ್ತೀನಿ" ಎಂದುಬಿಟ್ಟೆ.