ಬೇಲಿಯ ಮುಳ್ಳು

ಬಸ್ಸಿನ ಕಿಟಕಿಯಾಚೆ ಕಂದು ನಾಯಿಯೊಂದು ನಾಲಗೆ ಜೋತುಬಿಟ್ಟು ಓಡುತ್ತಿದೆ, ಬಿಸಿಲಿಗೆ ಓಡುತ್ತಿದೆ ಅಷ್ಟೇ, ಏನೂ ಆಗಿಲ್ಲ ಅದಕ್ಕೆ ಎಂದುಕೊಂಡರೂ ಇರ್ಫಾನಾ ಗಾಜು ಎಳೆದುಬಿಟ್ಟಳು, ತಿಕೋಟಾ ಇನ್ನೂ ದೂರವಿದೆ, ಇಂದಿನಿಂದ ಅವಳಿಗೆ ಅಲ್ಲಿ ನರ್ಸ್ ಕೆಲಸ — ಇದೇ ಹಾದಿಯಲ್ಲಿ ಬೈಕಿಗೆ ಲಸಿಕೆಯ ಡಬ್ಬಿ ಕಟ್ಟಿಕೊಂಡು ಅವಳ ಅಬ್ಬಾ ತಿರುಗಿದ್ದು, ನಿಜಾಮುದ್ದೀನ ಎಂಬ ಹೆಸರನ್ನೇ ಮರೆತು ಊರವರು ಸೂಜಿ ಡಾಕ್ಟರ್ ಎನ್ನುತ್ತಿದ್ದರು, ಡಾಕ್ಟರ್ ಅಲ್ಲ ಬೇ ನಾ, ಬರೇ ಸೂಜಿ ಚುಚ್ಚಾಂವ, ಎಂದರೆ ಯಾರು ಕೇಳಬೇಕು, ಕೂಸಿನ ತೊಡೆಗೆ ಚುಚ್ಚುವ ಮೊದಲು ಕೋಳಿಯಂತೆ ಕೂಗಿ ನಗಿಸುವನು, ಬೆಳಿಗ್ಗೆ ಜಲನಗರದ ಮನೆಯಲ್ಲಿ ಅದೇ ಕೈಯಿಂದ ಇವಳ ಜಡೆ ಹೆಣೆಯುವನು, ಸ್ಪಿರಿಟ್ ವಾಸನೆಯ ಜಡೆ, ತಾಯಿಯಿಲ್ಲದ ಹುಡುಗಿಯ ಜಡೆ, ಶಾಲೆಯಲ್ಲಿ ಗೆಳತಿಯರು ಮೂಸಿ ಮೂಸಿ ನಗುತ್ತಿದ್ದರು — ಆಮೇಲೆ ನಿಡೋಣಿಯ ಆ ಮಧ್ಯಾಹ್ನ, ಅಂಗಳದಲ್ಲಿ ಆಡುತ್ತಿದ್ದ ಪುಟ್ಟ ಶಾಂಭವಿಯ ಕಾಲಿಗೆ ಹುಚ್ಚುನಾಯಿ ಬಾಯಿ ಹಾಕಿದ್ದು, ಲಸಿಕೆ ಹಾಕಲು ಆ ಓಣಿಗೆ ಬಂದಿದ್ದ ಅಬ್ಬಾ ನಡುವೆ ಬಿದ್ದು ಬಿಡಿಸಿದ್ದು, ಗಾಯವನ್ನು ಸಾಬೂನು ಹಚ್ಚಿ ತೊಳೆದು ಕೂಸನ್ನು ಎದೆಗವಚಿಕೊಂಡು ಬಬಲೇಶ್ವರದ ದವಾಖಾನೆಗೆ ಓಡಿದ್ದು, ಅವಳ ತಾಯಿ ಸಾವಂತ್ರವ್ವ, ಯಣ್ಣಾ, ನಿಮ್ಮ ಕೈಗೂ ರಕ್ತ ಬಂದೈತಲ್ರಿ, ಎಂದರೆ, ನಾಯಿದಲ್ಲ ತಂಗಿ, ಬೇಲಿ ಮುಳ್ಳು ಗೀರೇತಿ, ನೀ ಹೆದರಬ್ಯಾಡ — ಬೇಲಿಯ ಮುಳ್ಳಂತೆ, ಅವನೂ ಅದನ್ನು ನಂಬಿದ್ದನೇ, ಅಥವಾ ಆ ತಾಯಿಯ ಮುಖ ನೋಡಿ ಹೇಳಿದ್ದನ್ನು ತಾನೇ ನಂಬಿಬಿಟ್ಟನೇ, ಕೂಸಿನ ಒಂದು ಸೂಜಿಯನ್ನೂ ತಪ್ಪಿಸದವನು ತನಗೆ ಒಂದನ್ನೂ ಚುಚ್ಚಿಕೊಳ್ಳಲಿಲ್ಲ, ಗೀರು ಮಾಯ್ದಿತು, ಎಲ್ಲರೂ ಮರೆತರು, ಆಮೇಲೊಂದು ದಿನ, ಇರ್ಫಾ, ಈ ಕೈಯಾಗ ಯಾಕೋ ಇರುವಿ ಹರದಂಗ ಆಗಾಕತ್ತೈತಿ, ಎಂದ, ಮರುದಿನ, ಫ್ಯಾನ್ ಬಂದ್ ಮಾಡವಾ, ಗಾಳಿ ತಡಿಯಾಕ ಆಗವಲ್ದು, ಎಂದ, ಎಂದವನೇ ಕೈಯ ಹಳೆಯ ಗೀರನ್ನು ಬೆಳಕಿಗೆ ಹಿಡಿದು ನೋಡಿದ, ಅದು ಮುಳ್ಳಲ್ಲ, ನಾಯಿಯ ಹಲ್ಲು ಎಂದು ಅವನಿಗೆ ಗೊತ್ತಾಗಿತ್ತು, ಅವಳು ಅವನ ಮುಖ ನೋಡಿ ತಿಳಿದಳು — ಹೊರಗ ಹೋಗು ಮಗಳ, ಚಿಲಕ ಹಾಕು, ದವಾಖಾನಿ ಗಾಡಿ ಕರಸು, ನಾ ಏನಂದ್ರೂ ಒಳಗ ಬರಬ್ಯಾಡ, ಮತ್ತ ಕೇಳು, ನಾಳೆ ಶಾಂಭವಿದು ಕಡೀ ಸೂಜಿ ಐತಿ, ಬಬಲೇಶ್ವರದ ಸಿಸ್ಟರ್‌ಗೆ ಹೇಳು — ಅವಳು ಹೇಳಿದಳು, ಶಾಂಭವಿ ಬದುಕಿದಳು, ಈಗ ಹೈಸ್ಕೂಲಿಗೆ ಹೋಗುತ್ತಾಳೆ, ಅಬ್ಬಾ ಮಾತ್ರ ಆ ಗಾಡಿಯಲ್ಲಿ ಹೋದವನು ಮರಳಲಿಲ್ಲ, ಆದರೆ ಗಾಡಿ ಬರುವ ಮುಂಚೆ ಅವಳು ಕಿಟಕಿಯ ಸಂದಿಯಿಂದ ನೋಡಿದ್ದಳು, ನೋಡಬಾರದಿತ್ತು, ದಿನಕ್ಕೊಮ್ಮೆಯಾದರೂ ಅದು ಬರುತ್ತದೆ, ಅನ್ನ ಕಲಸುವಾಗ, ಹೊಸ್ತಿಲು ದಾಟುವಾಗ, ಈಗ ಈ ಬಸ್ಸಿನಲ್ಲಿ — ಮಂಚದ ಮೇಲೆ ಅಬ್ಬಾ, ಎರಡೂ ಕೈಯಲ್ಲಿ ಸ್ಟೀಲಿನ ಲೋಟ, ಬಾಯಾರಿ ಒಡೆದ ತುಟಿ, ತುಟಿಯತ್ತ ತರುತ್ತಾನೆ, ಕೊರಳು ತಾನಾಗಿ ಹಿಂದಕ್ಕೆ ಸೆಳೆಯುತ್ತದೆ, ಮತ್ತೆ ತರುತ್ತಾನೆ, ನೀರು ನಡುಗುತ್ತದೆ, ಮತ್ತೆ ಹಿಂದಕ್ಕೆ, ಮತ್ತೆ ಲೋಟ, ನಡುಗುವ ನೀರು